ಕೋರ್ಟಿನಲ್ಲಿ ನಾನು ಓದದ ಎರಡು ಸಾಲು

1996ರಲ್ಲಿ ನಾನು ಪುಣೆಯ ಶಿವಾಜಿನಗರದ ಕೋರ್ಟಿನಲ್ಲಿ ಕ್ರಿಮಿನಲ್ ವಕೀಲನಾಗಿದ್ದೆ. ಸನದು ಪಡೆದು ಇಪ್ಪತ್ತೊಂದು ವರ್ಷ ಆಗಿತ್ತು. ಬಿಜಾಪುರ, ಬೆಳಗಾವಿ ಕಡೆಯಿಂದ ಬಂದು ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ನೆಲೆ ನಿಂತವರು ಪೊಲೀಸರ ತೊಂದರೆ ಬಂದಾಗ ನನ್ನ ಟೇಬಲ್ಲಿಗೆ ಬರುತ್ತಿದ್ದರು. ಹೆಚ್ಚಾಗಿ ಚಾಳಿನ ನೆರೆಹೊರೆಯವರ ಜಗಳ, ಲೋಕಲ್ ರೈಲಿನ ಹೊಡೆದಾಟ. ಆಟೋಮ್ಯಾಟಿಕ್ ಬಂದೂಕಿನ ಕೇಸು ನನಗೆ ಬಂದದ್ದು ಅದೊಂದೇ.

ಇದನ್ನು ನಾನು ಬಾರ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ಹೇಳುವಾಗ ತಜ್ಞ ಸಾಕ್ಷಿ ಬೆವರುತ್ತಾನೆ, ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡುತ್ತಾರೆ. ಕನ್ನಡಕ ತೆಗೆದದ್ದು ನಿಜವೋ, ನಾನೇ ಸೇರಿಸಿದ್ದೋ ಈಗ ಗೊತ್ತಿಲ್ಲ. ಫೈಲು ಕಚೇರಿ ಬದಲಿಸಿದಾಗ ಹೋಯಿತು. ತೀರ್ಪಿನ ಪ್ರತಿ ಮಾತ್ರ ಉಳಿದಿದೆ.

ಮೊದಲು ಬಂದವರು ಶಾಂತವ್ವ. ಕೈಯಲ್ಲಿ ಪಡಿತರ ಚೀಟಿ ಹಿಡಿದುಕೊಂಡಿದ್ದರು. ಯಾಕೆ ಅಂತ ಅವರಿಗೂ ತಿಳಿದಿರಲಿಲ್ಲ, ಸರಕಾರಿ ಕಾಗದ ಏನಾದರೂ ಇರಲಿ ಅಂತ.

"ಅಣ್ಣಾರ, ನಮ್ಮ ಮನಿಯವ್ರನ್ನ ಹಿಡಕೊಂಡು ಹೋಗ್ಯಾರ್ರಿ. ಮಷಿನ್‌ಗನ್ ಮಾಡ್ತಾರಂತ ಇವ್ರು!"

"ಮಾಡ್ತಾರೇನ್ರಿ?"

"ಎಲ್ಲೀದ್ರಿ? ನಮ್ಮನಿ ಈಳಿಗಿ ಮೊಂಡ ಆಗಿ ವರ್ಷ ಆತು, ಅದನ್ನ ಮುಟ್ಟಿಲ್ಲ. ಮಂದಿ ಸಾಮಾನು ಬಂದ್ರ ಮಾತ್ರ ಊಟಾ ಬಿಟ್ಟು ಕುಂದರ್ತಾರ."

ಅವರ ಗಂಡ ಮಹಾಂತಪ್ಪ, ಗೋಕಾಕ ಕಡೆಯವರು, ನಲವತ್ತಾರು ವರ್ಷ. ದೊಡ್ಡ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ, ಅಂದರೆ ಅಚ್ಚು, ಡೈ ತಯಾರಿಸುವ ವಿಭಾಗದಲ್ಲಿ, ಹತ್ತೊಂಬತ್ತು ವರ್ಷ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು, ಚಿಂಚವಾಡದಲ್ಲಿ ತಗಡಿನ ಶೆಡ್ಡು ಹಾಕಿದ್ದರು. ಟೂಲ್‌ರೂಮಿನವರಿಗೆ ಎರಡು ಅಭ್ಯಾಸ ಇರುತ್ತವೆ. ಯಾವ ತುಣುಕೂ ಒರಟು ಅಂಚಿನೊಂದಿಗೆ ಕೈ ಬಿಟ್ಟು ಹೋಗಬಾರದು. ಏನನ್ನು ಬಿಚ್ಚಿದರೂ ಮೊದಲು ಅದರ ಚಿತ್ರ ಬರೆದು, ಅಳತೆ ಹಾಕಿ, ಮಾಡಿದ ಕೆಲಸವನ್ನು ಕೆಳಗೆ ನಮೂದಿಸಬೇಕು. ಈ ಎರಡೂ ಸೇರಿ ಅವರನ್ನು ಯರವಡಾ ಜೈಲಿಗೆ ಕಳಿಸಿದ್ದವು.

ನಡೆದದ್ದು ಇಷ್ಟು. ತಳೇಗಾಂವ ದಾಭಾಡೆಯ ಹತ್ತಿರ ತೋಟ ಇದ್ದ ಒಬ್ಬ ಮಾಲೀಕನ ಬಳಿ ಲೈಸನ್ಸಿನ ರೈಫಲ್ ಇತ್ತು. ಅದು ಸೆಮಿ-ಆಟೋಮ್ಯಾಟಿಕ್: ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು, ಮುಂದಿನದಕ್ಕೆ ಮತ್ತೆ ಎಳೆಯಬೇಕು. ಟ್ರಿಗರ್ ಬಿಗಿಯಾಗಿತ್ತು. ಲೈಸನ್ಸ್ ಇದ್ದ ಬಂದೂಕಿನ ಅಂಗಡಿಯವನು ತಿಂಗಳುಗಟ್ಟಲೆ ಕಾಯಬೇಕು ಅಂದ. ತನ್ನ ಪಂಪ್‌ಸೆಟ್ಟನ್ನು ಚೆನ್ನಾಗಿ ರಿಪೇರಿ ಮಾಡಿದ್ದ ಮಹಾಂತಪ್ಪನವರ ನೆನಪಾಗಿ ಮಾಲೀಕ ರೈಫಲನ್ನು ಅವರ ಶೆಡ್ಡಿಗೆ ತಂದ. ಇವರು ಬಿಚ್ಚಿದರು. ಗುಂಡಿಗೆ ಬಡಿಯುವ ಸುತ್ತಿಗೆಯನ್ನು ತಡೆದು ಹಿಡಿಯುವ ಚಿಕ್ಕ ಕೊಕ್ಕೆಯೊಂದು ಒರಟಾಗಿ ಕಂಡಿತು. ನಯ ಮಾಡಿಕೊಟ್ಟರು. ಹದಿನೈದು ದಿನದ ಮೇಲೆ ಮಾಲೀಕ ತೋಟದಲ್ಲಿ ಟ್ರಿಗರ್ ಎಳೆದಾಗ ಒಂದರ ಬದಲು ಮೂರು ಗುಂಡು ಹಾರಿ, ಪಕ್ಕದ ತೋಟದ ತಗಡಿನ ಮಾಡು ತೂತಾಯಿತು. ಪಕ್ಕದವರು ದೂರು ಕೊಟ್ಟರು. ಠಾಣೆಯಲ್ಲಿ ಮಾಲೀಕ ತನ್ನನ್ನು ಉಳಿಸಿಕೊಂಡ. "ಆ ಫಿಟರ್ ಇದನ್ನು ಆಟೋಮ್ಯಾಟಿಕ್ ಮಾಡಿದ್ದಾನೆ, ನನಗೇನೂ ಗೊತ್ತಿಲ್ಲ" ಎಂದು ಹೇಳಿಕೆ ಕೊಟ್ಟು ಸರಕಾರದ ಸಾಕ್ಷಿಯಾದ.

ಓದುಗರಿಗೆ ಕಾಯಿದೆಯನ್ನು ಸ್ವಲ್ಪ ಹೇಳಬೇಕು. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು, ಅಥವಾ ಗುಂಡು ಮುಗಿಯುವವರೆಗೆ, ತಾನೇ ಹಾರಿಸುತ್ತ ಹೋಗುವ ಬಂದೂಕು ಆರ್ಮ್ಸ್ ಆ್ಯಕ್ಟಿನಲ್ಲಿ ನಿಷೇಧಿತ ಆಯುಧ. ಸಾದಾ ಬಂದೂಕನ್ನು ಹಾಗೆ ಮಾರ್ಪಡಿಸಿದರೆ ಆಗ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಲೈಸನ್ಸಿಲ್ಲದೆ ಸಾದಾ ಬಂದೂಕು ರಿಪೇರಿ ಮಾಡಿದರೆ ಕನಿಷ್ಠ ಮೂರು. ಮಹಾಂತಪ್ಪನವರ ಬಳಿ ಲೈಸನ್ಸ್ ಇರಲಿಲ್ಲ; ಬೇಕು ಅಂತಲೂ ತಿಳಿದಿರಲಿಲ್ಲ. ಮೂರಕ್ಕೂ ಏಳಕ್ಕೂ ನಡುವಿನ ಅಂತರ ನನ್ನ ಕೈಯಲ್ಲಿತ್ತು.

ಯರವಡಾದಲ್ಲಿ ಮೊದಲ ಭೇಟಿಯಲ್ಲಿ ಅವರು ಕೇಸಿನ ಬಗ್ಗೆ ಕೇಳಲೇ ಇಲ್ಲ.

"ಸ್ಪ್ರಿಂಗ್ ನೋಡ್ಯಾರೇನ್ರಿ, ಸಾಹೇಬ್ರ?"

"ಯಾವ ಸ್ಪ್ರಿಂಗ್?"

"ಕೊಕ್ಕಿ ಹಿಂದಿಂದು. ಅದು ಸತ್ತಿತ್ತು. ಕೊಕ್ಕಿ ನಾ ಬರೋಬ್ಬರಿ ಮಾಡೀನಿ, ಸ್ಪ್ರಿಂಗ್ ಹೊಸಾದು ಹಾಕಿಸ್ರಿ, ಅಲ್ಲೀತನಕಾ ಹೊಡೀಬ್ಯಾಡ್ರಿ ಅಂತ ಮಾಲಕಗ ಹೇಳೀನಿ. ಕಾಗದದಾಗೂ ಬರದೀನಿ."

ಕಾಗದ ಇತ್ತು. ಪೊಲೀಸರು ಶೆಡ್ಡಿನಿಂದ ಪಂಚನಾಮೆ ಮಾಡಿ, ಅಂದರೆ ಸಾಕ್ಷಿಗಳೆದುರು ಪಟ್ಟಿ ಮಾಡಿ, ವಶಪಡಿಸಿಕೊಂಡಿದ್ದರು. ಪೆನ್ಸಿಲ್ಲಿನ ಚಿತ್ರ, ಅಳತೆಗಳು, ಕೆಳಗೆ ಕನ್ನಡದಲ್ಲಿ ಎರಡು ಸಾಲು: 'ಸ್ಪ್ರಿಂಗ್ ಸತ್ತದ. ಹೊಸಾದು ಹಾಕೂತನಕ ಹೊಡೀಬಾರದು, ಮಾಲಕರಿಗೆ ಹೇಳೇನಿ.' ಪಂಚನಾಮೆಯಲ್ಲಿ 'ಬಂದೂಕಿನ ನಕ್ಷೆ, ಕಾನಡಿ ಮಜಕೂರ', ಅಂದರೆ ಕನ್ನಡ ಬರಹ, ಎಂದಷ್ಟೇ ನಮೂದಾಗಿತ್ತು. ಯಾರೂ ಅನುವಾದ ಮಾಡಿಸಿರಲಿಲ್ಲ. ನಕ್ಷೆ ಸಿಕ್ಕ ಮೇಲೆ ಅಕ್ಷರ ಯಾರಿಗೆ ಬೇಕು?

ನಾನು ಓದಿದೆ. ಓದಿ ಭಯಪಟ್ಟೆ. ಹೌದು, ಆ ಸಾಲುಗಳು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ಬಂದೂಕು ಬಿಚ್ಚಿದ್ದು ತಾನೇ ಅಂತ ಸ್ವಂತ ಕೈಬರಹದಲ್ಲಿ ಒಪ್ಪಿದಂತೆಯೂ ಆಗುತ್ತಿತ್ತು. ಮೇಲಾಗಿ, ಈ ರೈಫಲ್ ಹೀಗೆ ಹಾರಬಹುದು ಅಂತ ಗೊತ್ತಿದ್ದೂ ಕೊಟ್ಟ ಅಂತ ಸರಕಾರಿ ವಕೀಲರು ವಾದಿಸಬಹುದಿತ್ತು. ಸ್ಪ್ರಿಂಗ್ ಬದಲಿಸಿ ಮತ್ತೆ ಪರೀಕ್ಷೆ ಮಾಡಿಸಿ ಎಂದು ಅರ್ಜಿ ಹಾಕಿದರೆ ರೈಫಲ್ ಮತ್ತೆ ಸರಕಾರಿ ಪ್ರಯೋಗಾಲಯಕ್ಕೆ ಹೋಗಿ ಬರಲು ಇನ್ನೊಂದು ವರ್ಷ. ಆ ವರ್ಷಗಳಲ್ಲಿ 'ಆಟೋಮ್ಯಾಟಿಕ್' ಎಂಬ ಶಬ್ದ ಕೇಳಿದರೆ ಸಾಕು, ಜಾಮೀನು ಇಲ್ಲ. ಎರಡು ಸಲ ಕೇಳಿದ್ದೆ, ಎರಡು ಸಲವೂ ತಿರಸ್ಕಾರ.

ನನಗೆ ಇನ್ನೊಂದು ದಾರಿ ಕಂಡಿತು. ಅದು ಸಲೀಸಾಗಿತ್ತು. ಪ್ರಯೋಗಾಲಯದ ವರದಿಯ ಪ್ರಕಾರ, ಪ್ರತಿ ಸಲ ಹತ್ತು ಗುಂಡು ತುಂಬಿ ಟ್ರಿಗರ್ ಒತ್ತಿ ಹಿಡಿದಾಗ ಮೊದಲ ಸಲ ಮೂರು ಹಾರಿದವು, ಎರಡನೆಯ ಸಲ ಒಂದು, ಮೂರನೆಯ ಸಲ ಎರಡು. ಹತ್ತೂ ಯಾವತ್ತೂ ಹಾರಲಿಲ್ಲ. ಅಂದರೆ ಇದು ಆಟೋಮ್ಯಾಟಿಕ್ ಅಲ್ಲ, ಕೆಟ್ಟ ಬಂದೂಕು. ಮಾರ್ಪಾಡು ಅಲ್ಲ, ಹಾಳುಗೆಡವಿದ ರಿಪೇರಿ. ಹಾಗೆ ತೋರಿಸಲು ಬೇಕಾದದ್ದು ಒಂದೇ: ಮಹಾಂತಪ್ಪ ಕೆಲಸ ಬಾರದ ಮನುಷ್ಯ ಎಂದು ಕೋರ್ಟು ನಂಬಬೇಕು.

"ಕೋರ್ಟಿನಾಗ ಏನ್ ಕೇಳಿದ್ರೂ ಗೊತ್ತಿಲ್ಲ ಅನ್ರಿ," ಅಂದೆ ಅವರಿಗೆ. ಉಳಿದದ್ದನ್ನು ಹೇಳಲಿಲ್ಲ. ಶಾಂತವ್ವನಿಗೆ ಮಾತ್ರ ಹೇಳಿದೆ. ಅವರು ಯೋಚನೆ ಮಾಡಲಿಲ್ಲ. "ಏನರೆ ಅನ್ರಿ ಅಣ್ಣಾರ, ದಡ್ಡ ಅನ್ರಿ, ಹುಚ್ಚ ಅನ್ರಿ. ಮನಿಗೆ ಬಂದ್ರ ಸಾಕು. ಅವ್ರಿಗೆ ಮಾತ್ರ ಮಾತಾಡಾಕ ಬಿಡಬ್ಯಾಡ್ರಿ."

ವಿಚಾರಣೆ ಶುರುವಾದದ್ದು 1998ರ ಕೊನೆಯಲ್ಲಿ. ತೋಟದ ಮಾಲೀಕ ಬಂದು ತನ್ನ ಹೇಳಿಕೆಯನ್ನು ಒಪ್ಪಿಸಿ ಹೋದ. ನಾನು ಅವನನ್ನು ಹೆಚ್ಚು ಕೆದಕಲಿಲ್ಲ. ಸ್ಪ್ರಿಂಗಿನ ಮಾತು ಎತ್ತಿದರೆ ನನ್ನ ವಾದವೇ ಕುಸಿಯುತ್ತಿತ್ತು. ಆಮೇಲೆ ಪ್ರಯೋಗಾಲಯದ ತಜ್ಞ ಬಂದ. ಮೂರು, ಒಂದು, ಎರಡು ಎಂಬ ಅಂಕಿಗಳನ್ನು ಅವನ ಬಾಯಿಂದ ಒಂದೊಂದಾಗಿ ಹೇಳಿಸಿದೆ.

"ಬೇಕೆಂದು ಆಟೋಮ್ಯಾಟಿಕ್ ಮಾಡಲು ಹೊರಟ ಒಬ್ಬ ನುರಿತ ಕೆಲಸಗಾರ ಹೀಗೆ ಮಾಡುತ್ತಾನೆಯೇ?"

"ಇಲ್ಲ."

"ಹಾಗಾದರೆ ಇದು ಯಾರ ಕೆಲಸ?"

"ಅಡಾಣಿ ಕೈಯ ಕೆಲಸ," ಅಂದ ತಜ್ಞ ಮರಾಠಿಯಲ್ಲಿ. ಏನೂ ಬಾರದವನು ಅಂತ ಅರ್ಥ. ಸರಕಾರಿ ವಕೀಲರೂ ನಕ್ಕರು. ಆರೋಪಿಯ ಕಟಕಟೆಯಿಂದ ಕನ್ನಡದಲ್ಲಿ ಗಟ್ಟಿಯಾಗಿ ಒಂದು ದನಿ ಬಂತು: "ಸಾಹೇಬ್ರ, ಅದೆಲ್ಲಾ ಸುಳ್ಳ ಅದ!" ನಾನು ತಿರುಗಿ ಕೈ ಮಾಡಿದೆ. ಇಪ್ಪತ್ತೈದು ವರ್ಷ ಪುಣೆಯಲ್ಲಿದ್ದ ಮನುಷ್ಯ, ಮರಾಠಿಯಲ್ಲೇ ನ್ಯಾಯಾಧೀಶರಿಗೆ ನೇರ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕೈ ನೋಡಿ ಸುಮ್ಮನಾದರು. ಅದೊಂದು ನನಗೆ ಸ್ಪಷ್ಟವಾಗಿ ನೆನಪಿದೆ.

ಆಗ ನ್ಯಾಯಾಧೀಶರು ನಕ್ಷೆಯ ಕಾಗದವನ್ನು ಎತ್ತಿಕೊಂಡರು.

"ವಕೀಲ ಸಾಹೇಬ, ತುಮ್ಹಿ ತರ ಕಾನಡಿ. ಖಾಲೀ ಕಾಯ್ ಲಿಹಿಲಂಯ್?" ನೀವು ಕನ್ನಡದವರಲ್ಲವೇ, ಕೆಳಗೆ ಏನು ಬರೆದಿದೆ?

ನಾನು ಏನು ಹೇಳಿದೆ? ಇಪ್ಪತ್ತು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಹೀಗೆ: "ಇದು ಸರಕಾರದ ದಾಖಲೆ ಸರ್, ಅನುವಾದ ಮಾಡಿಸುವುದು ಅವರ ಹೊಣೆ." ಕಾಯಿದೆಗೆ ಸರಿಯಾದ ಉತ್ತರ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಶಾಂತವ್ವನಿಗೆ ನೆನಪಿರುವುದು ಬೇರೆ. ನಾನು ನಗುತ್ತ "ಮಾಪಂ ಆಹೇತ್, ಸರ್" ಅಂದೆನಂತೆ. ಅಳತೆಗಳಿವೆ, ಸರ್. ಆಕೆಗೆ ಸುಳ್ಳು ಹೇಳುವ ಕಾರಣ ಏನೂ ಇಲ್ಲ. ನನಗೆ ಇದೆ. ಕೋರ್ಟಿನ ನಡಾವಳಿಯಲ್ಲಿ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ನ್ಯಾಯಾಧೀಶರು ಕಾಗದ ಕೆಳಗಿಟ್ಟರು.

1999ರಲ್ಲಿ ತೀರ್ಪು ಬಂತು. ಆಟೋಮ್ಯಾಟಿಕ್ ಆಯುಧದ ಆರೋಪದಿಂದ ಖುಲಾಸೆ. ಲೈಸನ್ಸಿಲ್ಲದೆ ರಿಪೇರಿ ಮಾಡಿದ್ದಕ್ಕೆ ಮೂರು ವರ್ಷ. ಅದರಲ್ಲಿ ಎರಡು ವರ್ಷ ಎಂಟು ತಿಂಗಳು ಜೈಲಿನಲ್ಲಿ ಕಳೆದಾಗಿತ್ತು. ತೀರ್ಪಿನ ಹನ್ನೊಂದನೆಯ ಪುಟದಲ್ಲಿ ಈ ವಾಕ್ಯ ಇದೆ: 'ಆರೋಪಿಗೆ ಇಂಥ ಸೂಕ್ಷ್ಮ ಕೆಲಸದ ಕನಿಷ್ಠ ಕೌಶಲವೂ ಇಲ್ಲವೆಂದು ತಜ್ಞರ ಸಾಕ್ಷ್ಯದಿಂದ ಸ್ಥಿರಪಟ್ಟಿದೆ.' ಬಾರ್ ರೂಮಿನಲ್ಲಿ ಅಂದು ನನಗೆ ಪೇಢೆ ತಿನ್ನಿಸಿದರು.

ಬಿಡುಗಡೆಯಾಗಿ ಎರಡನೆಯ ವಾರ ಮಹಾಂತಪ್ಪ ನನ್ನ ಆಫೀಸಿಗೆ ಬಂದರು. ತೆಳ್ಳಗಾಗಿದ್ದರು. ತೀರ್ಪನ್ನು ಕನ್ನಡದಲ್ಲಿ ಓದಿ ಹೇಳಿ ಅಂದರು. ಹನ್ನೊಂದನೆಯ ಪುಟ ಹಾರಿಸಲು ನೋಡಿದೆ.

"ನಡುವ ಒಂದ ಹಾಳಿ ಬಿಟ್ರಲ್ರಿ."

ಓದಿದೆ. ಅವರು ಟೇಬಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

"ನಾ ಬರದದ್ದು ನೀವು ಓದಿದ್ರಿಲ್ರಿ?"

"ಓದಿದ್ದೆ. ಅದನ್ನ ಹೇಳಿದ್ರ ಏಳು ವರ್ಷ ಆಗಬಹುದಿತ್ತು, ಮಹಾಂತಪ್ನವರ."

"ಆಗತಿತ್ತೋ ಇಲ್ಲೋ, ಗೊತ್ತಿಲ್ಲ. ಹೌದಿಲ್ರಿ?"

"ಗೊತ್ತಿಲ್ಲ."

"ನನ್ನ ಕೇಳಬೇಕಿತ್ರಿ," ಅಂದರು. ಬೈಯಲಿಲ್ಲ. ಬೈದಿದ್ದರೆ ನಾನು ಉತ್ತರ ಕೊಡಬಲ್ಲವನಾಗಿದ್ದೆ. ಉತ್ತರ ಕೊಡುವುದು ನನ್ನ ಕಸುಬು. ಎದ್ದು ನಮಸ್ಕಾರ ಮಾಡಿ ಹೋದರು.

ಮರಾಠಿ ಪತ್ರಿಕೆಯೊಂದರಲ್ಲಿ 'ಅಡಾಣಿ ಫಿಟರ್' ಎಂಬ ತಲೆಬರಹದಲ್ಲಿ ಸುದ್ದಿ ಬಂದಿತ್ತು. ಡೈ ಕೆಲಸ ಕೊಡುತ್ತಿದ್ದ ಕಾರ್ಖಾನೆಗಳಿಗೆ ಅಷ್ಟು ಸಾಕಾಯಿತು. ಜೈಲಿಗೆ ಹೋಗಿ ಬಂದವನಿಗೆ ಕೆಲಸ ಕೊಡಲು ಒಬ್ಬಿಬ್ಬರು ತಯಾರಿದ್ದರಂತೆ. ಕೆಲಸ ಬಾರದವನಿಗೆ ಯಾರೂ ತಯಾರಿರಲಿಲ್ಲ. ಶೆಡ್ಡು ಹೋಯಿತು. 2001ರಲ್ಲಿ ರಾಂಜಣಗಾಂವದ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ ಪೆಟ್ಟಿಗೆಗಳಿಗೆ ಪಟ್ಟಿ ಬಿಗಿಯುವ ಕೆಲಸಕ್ಕೆ ಸೇರಿದರು. ಬೇರೆ ಕೇಸಿಗಾಗಿ ಆ ಕಡೆ ಹೋದಾಗ ಒಮ್ಮೆ ಗೇಟಿನ ಹತ್ತಿರ ಕಂಡರು. ಸ್ಪ್ರಿಂಗ್ ಬದಲಿಸಿ ಆ ರೈಫಲನ್ನು ಯಾರಾದರೂ ಪರೀಕ್ಷೆ ಮಾಡಿದರೇನು ಎಂದು ಕೇಳಿದರು. ಇಲ್ಲ, ಕೋರ್ಟಿನ ಆದೇಶದಂತೆ ನಾಶ ಮಾಡಿದರು ಅಂದೆ. "ಹಂಗೇನ್ರಿ" ಅಂದು ಬಸ್ಸು ಹತ್ತಿದರು.

ಕೆಲಸ ನನಗೆ ಕಲಿಸಿದ ಪಾಠ ಏನು ಅಂತ ಹೇಳಬೇಕಲ್ಲ. ಪಾಠ ಅನ್ನುವುದಕ್ಕಿಂತ ಒಂದು ಪದ್ಧತಿ ಅನ್ನಬಹುದು. ಆ ವರ್ಷದಿಂದ ನಿವೃತ್ತಿಯವರೆಗೆ, ವಿಚಾರಣೆ ಶುರುವಾಗುವ ಮುಂಚೆ ಪ್ರತಿಯೊಬ್ಬ ಕಕ್ಷಿದಾರನನ್ನು ಎದುರಿಗೆ ಕೂರಿಸಿ, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತಿದ್ದೆ: ನಿನ್ನನ್ನು ಬಿಡಿಸಲು ಕೋರ್ಟಿನಲ್ಲಿ ನಿನ್ನ ಬಗ್ಗೆ ಹೀಗೆ ಹೀಗೆ ಹೇಳುತ್ತೇನೆ, ಹೇಳಲೇ? ಬಹುತೇಕ ಎಲ್ಲರೂ ಹೇಳ್ರಿ ಅಂದರು. ಮೂವರು ಬೇಡ ಅಂದರು. ಆ ಮೂವರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಅವರ ಹೆಂಡಂದಿರು ನನ್ನನ್ನು ಇವತ್ತಿಗೂ ಮಾತಾಡಿಸುವುದಿಲ್ಲ.