ಬ್ರೆಡ್ಡು ಬಂದ ಮನೆ

ಬ್ರೆಡ್ಡು ಅನ್ನುವುದು ಇಂಗ್ಲಿಷ್ ಶಬ್ದ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಅಲ್ಲಿಯವರೆಗೆ ಅದನ್ನು ಕಾಯಿಲೆಯ ಶಬ್ದ ಎಂದುಕೊಂಡಿದ್ದೆ. ಜ್ವರ, ಕಷಾಯ, ಬ್ರೆಡ್ಡು, ಮೂರೂ ಒಟ್ಟಿಗೇ ಬರುತ್ತಿದ್ದವು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬೇರೆ ಅರ್ಥ ಹೇಳಿಕೊಡಲು ಯಾರೂ ಇರಲಿಲ್ಲ.

ನಮ್ಮ ಕೊಪ್ಪದ ಕಡೆ ಈಗಲೂ ಆ ಶಬ್ದ ಹೆಚ್ಚುಕಡಿಮೆ ಹಾಗೇ ಇದೆ. ‘ಅವರಿಗೆ ಬ್ರೆಡ್ಡು ಕೊಡ್ತಾ ಇದಾರಂತೆ’ ಎಂದರೆ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ ಎಂದು ತಿಳಿಯಬೇಕು. ‘ಬ್ರೆಡ್ಡು ಕೊಟ್ಟು ಬಂದೆ’ ಎಂದರೆ ಆಸ್ಪತ್ರೆಗೆ ಹೋಗಿ ರೋಗಿಯನ್ನು ನೋಡಿಯಾಯಿತು. ‘ಇನ್ನೂ ಬ್ರೆಡ್ಡಲ್ಲೇ ಇದಾರೆ’ ಎಂದರೆ ಗುಣವಾಗಿಲ್ಲ. ನನ್ನ ಸೊಸೆಯ ಕಾಲದಲ್ಲಿ ಅದಕ್ಕೆ ಬೇರೆ ಕೆಲಸಗಳೂ ಹುಟ್ಟಿವೆ. ಪುಡಿ ಮಾಡಿ ಕಟ್ಲೆಟ್ಟಿಗೆ ಹಚ್ಚುತ್ತಾಳೆ, ತುಪ್ಪದಲ್ಲಿ ಕರಿದು ಪಾಕಕ್ಕೆ ಹಾಕಿ ನೆಂಟರಿಗೆ ಸಿಹಿ ಎಂದು ಬಡಿಸುತ್ತಾಳೆ. ಏಳನೇ ಕ್ಲಾಸಿನ ಮೊಮ್ಮಗಳು ಒಂದು ದಿನ ಪುಸ್ತಕ ಹಿಡಿದು ಬಂದು, ‘ಅಜ್ಜಿ, ಇಂಗ್ಲಿಷಲ್ಲಿ ದುಡಿದು ತಿನ್ನೋ ಅನ್ನಕ್ಕೂ ಬ್ರೆಡ್ ಅಂತಾರೆ’ ಎಂದಳು. ಹಾಗಾದರೆ ಅವರು ಹುಷಾರಿಲ್ಲದಾಗ ಏನು ತಿಂತಾರೆ ಎಂದು ಕೇಳಿದೆ. ಪುಸ್ತಕದಲ್ಲಿ ಅದು ಇರಲಿಲ್ಲ.

ನಮ್ಮ ಮನೆಯಲ್ಲಿ ಬ್ರೆಡ್ಡಿಗೆ ಇನ್ನೊಂದು ಲೆಕ್ಕವೂ ಇತ್ತು. ಇವರಿಗೆ, ಅಂದರೆ ನನ್ನ ಗಂಡನಿಗೆ, ಇರುವುದು ಒಬ್ಬಳೇ ತಂಗಿ. ನರಸಿಂಹರಾಜಪುರಕ್ಕೆ, ನಮ್ಮ ಬಾಯಲ್ಲಿ ಎನ್ನಾರ್‌ಪುರಕ್ಕೆ, ಕೊಟ್ಟಿದ್ದು. ಹನ್ನೆರಡು ವರ್ಷದ ಹಿಂದೆ ಮಾವನ ಶ್ರಾದ್ಧಕ್ಕೆ ಬಂದಿದ್ದಳು. ಅವತ್ತು ಬ್ರಾಹ್ಮಣರ ಊಟವಾಗಿ ಪಿಂಡ ಇಟ್ಟು ಮುಗಿಯುವ ತನಕ ಮನೆಯವರು ಏನೂ ತಿನ್ನುವಂತಿಲ್ಲ. ಶೃಂಗೇರಿಯಿಂದ ಬರಬೇಕಾದ ಭಟ್ಟರು ಬಂದದ್ದೇ ತಡವಾಗಿ. ನಾದಿನಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಮಾತ್ರೆ ನುಂಗಿ ಬಸ್ಸು ಹತ್ತಿದವಳು. ಮಧ್ಯಾಹ್ನ ಎರಡಾಗುವಾಗ ಕೈಕಾಲು ನಡುಗಿ ಮೈಯೆಲ್ಲ ಬೆವರಿತು. ಹಿಂದಿನ ಕೋಣೆಗೆ ಹೋಗಿ ತನ್ನ ಚೀಲದಲ್ಲಿದ್ದ ಬ್ರೆಡ್ಡಿನ ಎರಡು ಹೋಳು ತಿಂದಳು. ಇವರು ನೋಡಿಬಿಟ್ಟರು.

‘ಅಪ್ಪನ ಶ್ರಾದ್ಧದ ದಿನ ಬೇಕರಿ ಬ್ರೆಡ್ಡಾ? ಒಂದು ದಿನ ಹೊಟ್ಟೆ ಕಟ್ಟೋಕೆ ಆಗಲ್ಲ ಅಂದ್ರೆ ಬರೋದೇ ಬ್ಯಾಡ’ ಎಂದು ಭಟ್ಟರ ಎದುರೇ ಕೂಗಿದರು.

‘ಸರಿ, ಬರೋದಿಲ್ಲ’ ಎಂದಳು. ಉಣ್ಣದೆ ಹೋದಳು.

ನಾನು ಒಲೆಯ ಮುಂದಿದ್ದೆ. ಎದ್ದು ಬಂದು ತಡೆಯಬಹುದಿತ್ತು. ವಡೆ ಬಾಣಲೆಯಲ್ಲಿತ್ತು, ತಡೆಯಲಿಲ್ಲ.

ಆಮೇಲೆ ಎರಡು ವರ್ಷ ಗೌರಿಹಬ್ಬಕ್ಕೆ ತವರಿನ ಬಾಗಿನ ಕಳಿಸಿದೆವು, ಎರಡೂ ಸಲ ವಾಪಸು ಬಂತು. ಇವರು ಬಾಯಿ ಬಿಟ್ಟು ಏನೂ ಹೇಳುವ ಜನ ಅಲ್ಲ. ಆದರೆ ಎನ್ನಾರ್‌ಪುರದಿಂದ ಯಾರೇ ಬರಲಿ, ಅಲ್ಲಿ ಮಳೆ ಹೇಗೆ ಎಂದು ಶುರುಮಾಡಿ ತಂಗಿಯ ಕಾಲುನೋವಿನ ತನಕ ಕೇಳಿ ತಿಳಿದುಕೊಳ್ಳುತ್ತಿದ್ದರು. ಒಮ್ಮೆ, ‘ನಾನು ಸತ್ತಾಗಲಾದ್ರೂ ಬರ್ತಾಳೋ ಇಲ್ವೋ’ ಎಂದರು.

‘ಅದನ್ನ ನೋಡ್ಲಿಕ್ಕೆ ನೀವಿರೋದಿಲ್ಲ. ಬೇಕಾದ್ರೆ ಈಗ್ಲೇ ಫೋನ್ ಮಾಡಿ’ ಎಂದೆ. ಮಾಡಲಿಲ್ಲ.

ಹೋದ ವರ್ಷ ಮೊಮ್ಮಗಳ ಶಾಲೆಯಲ್ಲಿ ಒಲೆ ಹಚ್ಚದೆ ಅಡುಗೆ ಮಾಡುವ ಸ್ಪರ್ಧೆ ಇಟ್ಟರು. ಅವಳಿಗೆ ಸ್ಯಾಂಡ್‌ವಿಚ್ಚಿಗೆಂದು ಎರಡು ದೊಡ್ಡ ಬ್ರೆಡ್ಡು ಬೇಕಿತ್ತು. ಅದರ ಹಿಂದಿನ ವಾರವೇ ಇವರ ಹಲ್ಲಿನ ಸೆಟ್ಟು ಬಚ್ಚಲಲ್ಲಿ ಬಿದ್ದು ಒಡೆದು, ರಿಪೇರಿಗೆ ಕೊಪ್ಪದಲ್ಲಿತ್ತು. ಹಲ್ಲಿಲ್ಲದ ಮುಖ ಯಾರಿಗೂ ತೋರಿಸುವುದಿಲ್ಲ ಎಂದು ಇವರು ಎಂಟು ದಿನದಿಂದ ಅಂಗಳ ದಾಟಿರಲಿಲ್ಲ, ಫೋನನ್ನೂ ಮುಟ್ಟಿರಲಿಲ್ಲ. ಹೊರಗೆ ಹೇಳಬೇಡ ಎಂದು ನನಗೂ ತಾಕೀತು. ನಾನು ಕೊಪ್ಪಕ್ಕೆ ಹೋದೆ. ಸೆಟ್ಟು ಆಗಿರಲಿಲ್ಲ. ಬ್ರೆಡ್ಡು ತೆಗೆದುಕೊಂಡು ನಮ್ಮೂರು ಹಿರೇಕೊಡಿಗೆಯ ಬಸ್ಸು ಹತ್ತಿದೆ. ಪಕ್ಕಕ್ಕೆ ನಮ್ಮ ಕೆಳಮನೆಯಾಕೆ ಬಂದು ಕೂತಳು. ಅವಳ ಕಣ್ಣು ನೇರ ನನ್ನ ತೊಡೆಯ ಮೇಲೆ.

‘ಎಂತ ಮಾರಾಯ್ತಿ, ಯಾರು ಮಲಗಿದ್ದು?’

‘ಯಾರೂ ಇಲ್ಲ.’

‘ಮತ್ತೆ ಎರಡೆರಡು ಬ್ರೆಡ್ಡು?’

‘ಮನೆಗೆ.’

‘ಯಜಮಾನ್ರು ಕಾಣದೆ ಎಂಟು ದಿನ ಆಯ್ತಲ್ಲ?’

‘ಮನೇಲೇ ಇದಾರೆ.’

ಮಂಡಿ ನೋಯುತ್ತಿತ್ತು. ಸ್ಯಾಂಡ್‌ವಿಚ್ಚು ಎಂದರೇನು ಎಂದು ಬಸ್ಸಿನಲ್ಲಿ ಕೂತು ವಿವರಿಸುವ ಹುರುಪು ನನಗಿರಲಿಲ್ಲ. ಅವಳು ‘ಪಾಪ’ ಎಂದಳು. ಆಗಲೇ ನಾನು ಬಾಯಿ ಬಿಡಬೇಕಿತ್ತು.

ಮರುದಿನ ಮೊಮ್ಮಗಳು ಬ್ರೆಡ್ಡು ಹೊತ್ತುಕೊಂಡು ಶಾಲೆಗೆ ಹೋದಳು, ಇತ್ತ ಮನೆಗೆ ಬ್ರೆಡ್ಡು ಬರತೊಡಗಿತು. ಮೊದಲು ಕೆಳಮನೆಯ ಗಂಡ ಹೆಂಡತಿ. ಚಪ್ಪಲಿಯ ಸದ್ದೂ ಆಗದ ಹಾಗೆ ಬಂದು, ಸಣ್ಣ ದನಿಯಲ್ಲಿ, ‘ಹ್ಯಾಗಿದಾರೆ?’ ಎಂದರು.

‘ಕೊಟ್ಟಿಗೇಲಿ ಸಗಣಿ ಬಾಚ್ತಾ ಇದಾರೆ’ ಎಂದೆ.

ಅಷ್ಟರಲ್ಲಿ ಇವರು ಕೊಟ್ಟಿಗೆಯಿಂದ ಬಂದರು. ಜನರನ್ನು ಕಂಡದ್ದೇ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿ ಹಿಡಿದು ಒಳಗೆ ಓಡಿದರು. ಕೆಳಮನೆಯವ ತಲೆ ಅಲ್ಲಾಡಿಸಿ, ‘ಮಾತೂ ನಿಂತು ಹೋಯ್ತಾ?’ ಎಂದ. ಹಲ್ಲಿನ ವಿಷಯ ಹೇಳಿಬಿಟ್ಟೆ. ಅವರು ನಂಬಲಿಲ್ಲ. ನಾನು ಮುಚ್ಚಿಡುತ್ತಿದ್ದೇನೆ ಎಂದುಕೊಂಡು ಬ್ರೆಡ್ಡು ಇಟ್ಟು ಹೋದರು. ಹನ್ನೊಂದು ಗಂಟೆಯೊಳಗೆ ಪಕ್ಕದೂರು ನಾರ್ವೆಯಿಂದ ಇಬ್ಬರು ಬಂದು ಹೋದರು. ಮೇಜಿನ ಮೇಲೆ ಬ್ರೆಡ್ಡು ಮೂರಾಯಿತು.

ಹನ್ನೊಂದೂವರೆಗೆ ಆಟೋ ಬಂತು. ಇಳಿದವಳು ನಾದಿನಿ. ಯಾರೋ ಎನ್ನಾರ್‌ಪುರಕ್ಕೂ ಫೋನು ಮಾಡಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಸೆರಗನ್ನೂ ಸರಿಯಾಗಿ ಹೊದ್ದಿರಲಿಲ್ಲ. ಬಾಯಿಗೆ ಬೈರಾಸು ಕಟ್ಟಿಕೊಂಡು ಜಗಲಿಯಲ್ಲಿ ಪೇಪರು ಹಿಡಿದು ನಿಂತ ಅಣ್ಣನನ್ನು ಕಂಡವಳೇ ಮೆಟ್ಟಿಲ ಬುಡದಲ್ಲೇ ನಿಂತಳು. ಮುಖ ಕೆಂಪಾಯಿತು.

‘ನನ್ನನ್ನ ಕರೆಸ್ಲಿಕ್ಕೆ ಈ ನಾಟಕವಾ ಅತ್ತಿಗೆ?’

‘ಯಾರೂ ಕರೆಸಿಲ್ಲ. ನಾನು ಕೂಸಿನ ಶಾಲೆಗೆ ಬ್ರೆಡ್ಡು ತಂದೆ, ಊರವರು ನಿನ್ನಣ್ಣನ್ನ ಮಲಗಿಸಿದ್ರು. ಒಳಗೆ ಬರೋದಿದ್ರೆ ಬಾ, ಹೋಗೋದಿದ್ರೆ ಆಟೋ ಇನ್ನೂ ಇದೆ.’

ಇವರು ನನ್ನನ್ನು ದುರುಗುಟ್ಟಿ ನೋಡಿದರು. ಸುಳ್ಳು ಹೇಳಿ ಅವಳನ್ನು ಉಳಿಸಿಕೊಳ್ಳಬೇಕಿತ್ತು ಎಂದು ಅವರ ಮನಸ್ಸಿನಲ್ಲಿ. ನನಗೆ ಅದು ಬರುವುದಿಲ್ಲ.

‘ಬಾಯಿಗೆ ಬಟ್ಟೆ ಯಾಕೆ ಮತ್ತೆ?’ ಎಂದು ಅವಳು ಅಣ್ಣನನ್ನೇ ಕೇಳಿದಳು.

ಇವರು ಬೈರಾಸು ತೆಗೆದರು. ‘ಹಲ್ಲಿಲ್ಲ’ ಎಂದದ್ದು ಬರೀ ಗಾಳಿಯಾಗಿ ಬಂತು.

ಅವಳು ನೋಡಿದಳು. ‘ಥೇಟ್ ಅಪ್ಪನ ಹಾಗೇ ಕಾಣ್ತೀಯ’ ಎಂದಳು. ಆಟೋದವನನ್ನು ಕಳಿಸಲೂ ಇಲ್ಲ, ಮೆಟ್ಟಿಲು ಹತ್ತಲೂ ಇಲ್ಲ. ಆಮೇಲೆ ಕಂಬ ಹಿಡಿದಳು. ಹಿಡಿದ ಕೈ ನಡುಗುತ್ತಿತ್ತು. ಫೋನು ಬಂದಾಗ ಮಾತ್ರೆ ನುಂಗಿಯಾಗಿತ್ತಂತೆ, ತಿಂಡಿ ತಿಂದಿರಲಿಲ್ಲ. ಹಾಗೇ ಹೊರಟು ಬಂದಿದ್ದಳು. ನಾನು ಅವಳನ್ನು ಜಗಲಿಗೆ ಹತ್ತಿಸಿ ಕೂರಿಸಿದೆ.

ನಮ್ಮ ಮನೆಯಲ್ಲಿ ದೇವರ ನೈವೇದ್ಯ ಒಂದು ಗಂಟೆಗೆ. ಅದಾಗದೆ ಅನ್ನದ ಪಾತ್ರೆಗೆ ಸೌಟು ಹಾಕುವಂತಿಲ್ಲ. ಐವತ್ತು ವರ್ಷದಲ್ಲಿ ನನ್ನ ಬಾಣಂತನದಲ್ಲಿ ಬಿಟ್ಟರೆ ಇದು ತಪ್ಪಿದ್ದಿಲ್ಲ. ನಾನು ಒಳಗಿಂದ ಸಕ್ಕರೆ ನೀರು ಕದಡಿ ತಂದೆ, ಅವಳು ಕುಡಿದಳು. ಇವರು ಅವಳ ಕೈಯನ್ನೇ ನೋಡುತ್ತಿದ್ದರು.

‘ಕೂಸಿಗೆ ಬಡಿಸು’ ಎಂದರು. ಎಪ್ಪತ್ತರ ಹೆಂಗಸನ್ನು ಕೂಸು ಎನ್ನುವುದು ಈಗ ಇವರೊಬ್ಬರೇ.

‘ನೈವೇದ್ಯ ಆಗ್ಲಿಲ್ಲ’ ಎಂದೆ. ಬೇಕೆಂದೇ ಅಂದೆ.

‘ಆಮೇಲೆ ಮಾಡ್ತೆ. ಮೊದಲು ಬಡಿಸು.’

‘ನಿನ್ನ ದೇವರು ಕಾಯ್ತಾನಾ?’ ಎಂದು ತಂಗಿ ಕೇಳಿದಳು. ದನಿಯಲ್ಲಿ ಇನ್ನೂ ಸಿಟ್ಟಿತ್ತು.

‘ಕಾಯ್ಲಿ.’

ಅವಳು ಆಟೋದವನಿಗೆ ಹೋಗು ಎಂದು ಕೈ ಮಾಡಿ, ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ಒಂದೆಲಗದ ತಂಬುಳಿಯಲ್ಲಿ ಎರಡು ಸಲ ಅನ್ನ ಕಲಸಿ ಉಂಡಳು. ಉಪ್ಪು ಕಡಿಮೆ ಎಂದಳು. ಇವರು ಎದುರಿಗೆ ಮಣೆ ಹಾಕಿಕೊಂಡು ಕೂತು ಎನ್ನಾರ್‌ಪುರದಲ್ಲಿ ಮಳೆ ಹೇಗೆ ಎಂದು ಕೇಳಿದರು. ಹಲ್ಲಿಲ್ಲದೆ ಆಡಿದ ಅರ್ಧ ಮಾತು ಅವಳಿಗೆ ತಿಳಿಯಲಿಲ್ಲ, ಆದರೂ ಉತ್ತರ ಕೊಟ್ಟಳು. ಶ್ರಾದ್ಧದ ಮಾತು ಇಬ್ಬರೂ ಎತ್ತಲಿಲ್ಲ. ಅವತ್ತು ಪೂಜೆ ಮುಗಿದಾಗ ಎರಡೂವರೆ, ನಾನು ಉಂಡಾಗ ಮೂರು. ಹಸಿವಿಗೆ ತಲೆನೋವು ಬಂದಿತ್ತು, ನಾದಿನಿ ಎದ್ದು ನನಗೆ ಬಡಿಸಿದಳು.