ಟೇಪಕ್ಕನ ಅಳತೆಗೆ ಸೈಕಲ್ಲು

ಟೇಪಕ್ಕ ಎಂದರೆ ಆ ಬೀದಿಯಲ್ಲಷ್ಟೇ ಅಲ್ಲ, ಅದರಾಚೆಯ ನಾಲ್ಕಾರು ಬೀದಿಗಳಲ್ಲೂ ಗೊತ್ತು. ಅಳತೆಯ ಟೇಪು ಅವಳ ಕೊರಳಿಂದ ಇಳಿದದ್ದನ್ನು ಕಂಡವರಿಲ್ಲ. ಮಲಗುವಾಗಲೂ ಹಾಕಿಕೊಂಡೇ ಮಲಗುತ್ತಾಳೆ ಎಂದು ಗಂಡ ಹೇಳುತ್ತಾನೆ. ಅವನ ಮಾತಿನಲ್ಲಿ ಅರ್ಧ ತೆಗೆದರೂ ಉಳಿದ ಅರ್ಧ ನಿಜವೇ. ಅವಳಿಗೆ ಅಂಗಡಿ ಇಲ್ಲ. ಅಂಗಡಿ ತೆರೆದರೆ ಗಿರಾಕಿಗಳು ಬಂದು ತಲೆ ಮೇಲೆ ಕೂರುತ್ತಾರೆ, ತಾನೇ ಹೋದರೆ ಬೇಡವೆನಿಸಿದಾಗ ಎದ್ದು ಬರಬಹುದು ಎನ್ನುವುದು ಅವಳ ವಾದ. ಹಾಗಾಗಿ ಸೈಕಲ್ಲಿನ ಕ್ಯಾರಿಯರಿಗೆ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನು ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ ನರ್ಸುಗಳ ಯೂನಿಫಾರಂ ಸರಿಮಾಡುತ್ತಿದ್ದಳು, ಹೋಟೆಲಿಗೆ ಹೋಗಿ ಪರದೆ ಹೊಲಿಯುತ್ತಿದ್ದಳು, ಮನೆಮನೆಗೆ ಹೋಗಿ ದಪ್ಪಗಾದವರ ಬಟ್ಟೆ ಬಿಡಿಸಿ, ಸಣ್ಣಗಾದವರ ಬಟ್ಟೆ ಹಿಡಿದು ಕೊಡುತ್ತಿದ್ದಳು. ಊರಿನಲ್ಲಿ ಯಾರ ಸೊಂಟ ಎಷ್ಟು ಎಂಬುದು ಅವಳಿಗೆ ಬಾಯಿಪಾಠ. ಆ ಗುಟ್ಟನ್ನು ಮಾತ್ರ ಅವಳು ಯಾರ ಬಳಿಯೂ ಬಿಟ್ಟುಕೊಟ್ಟವಳಲ್ಲ.

ಅಂಥವಳು ಆಸ್ಪತ್ರೆಯ ಮೆಟ್ಟಿಲ ಮೇಲೆ, ಯೂನಿಫಾರಂ ಗಂಟಿನ ಸಮೇತ ಬಿದ್ದು ಎಡಮಂಡಿ ಮುರಿದುಕೊಂಡಳು. ಬಿದ್ದದ್ದು ಆಸ್ಪತ್ರೆಯಲ್ಲೇ ಆದ್ದರಿಂದ ಆಟೋ ಖರ್ಚು ಉಳಿಯಿತು ಎಂದು ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ತಮಾಷೆ ಮಾಡಿದಳಂತೆ. ಆದರೆ ಪಟ್ಟಿ ಬಿಚ್ಚಿದ ಮೇಲೆ ತಮಾಷೆ ನಿಂತಿತು. ಮಂಡಿ ಒಂದು ಹಂತದವರೆಗೆ ಮಡಚುತ್ತದೆ, ಆಮೇಲೆ ಬಾಗಿಲಿಗೆ ಅಗುಳಿ ಹಾಕಿದ ಹಾಗೆ ನಿಂತುಬಿಡುತ್ತದೆ. ಅವಳು ಕುರ್ಚಿಯಲ್ಲಿ ಕೂತು ಹಿಮ್ಮಡಿಯನ್ನು ಎಷ್ಟು ಹಿಂದಕ್ಕೆ ತರಬಹುದೆಂದು ದಿನಾ ಟೇಪು ಹಿಡಿದು ನೋಡುತ್ತಿದ್ದಳು. ಮೊದಮೊದಲು ಸ್ವಲ್ಪ ಸ್ವಲ್ಪ ಹೆಚ್ಚಾಗುತ್ತಿದ್ದದ್ದು ಆಮೇಲೆ ನಿಂತೇಹೋಯಿತು. ಇನ್ನು ಇಷ್ಟೇ ಎಂದರು ಡಾಕ್ಟರು.

ಇಷ್ಟೇ ಎಂಬ ಮಾತು ಕೇಳಿದ್ದೇ ತಡ, ಗಂಡ ಮನೆಗೆ ಬಂದು ತನ್ನ ತಂಗಿಗೆ ಫೋನು ಮಾಡಿದ. ಅವನು ಪಂಪ್‌ಹೌಸಿನಲ್ಲಿ ಕೆಲಸ ಮಾಡುವವನು. ಮೋಟಾರಿನ ಸದ್ದಿನ ನಡುವೆ ಮಾತಾಡಿ ಮಾತಾಡಿ ಗುಟ್ಟನ್ನೂ ಕೂಗಿಯೇ ಹೇಳುವ ಅಭ್ಯಾಸ.

"ಭಾನುವಾರ ಬಂದು ಸೈಕಲ್ ತಗೊಂಡು ಹೋಗಮ್ಮ. ನಿನ್ನ ಮಗಳು ಕೆಲಸಕ್ಕೆ ಹೋಗಿಬರಕ್ಕೆ ಆಗುತ್ತೆ. ಇಲ್ಲಿ ಸುಮ್ಮನೆ ತುಕ್ಕು ಹಿಡೀತಾ ನಿಂತಿದೆ."

ಒಳಗೆ ಮಂಚದ ಮೇಲಿದ್ದ ಟೇಪಕ್ಕನಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಕೋಲೂರಿಕೊಂಡು ಎದ್ದು ಬಂದಳು.

"ಸೈಕಲ್ ಯಾರದ್ದು ರೀ?"

"ನಿಂದೇ. ಯಾರು ಇಲ್ಲ ಅಂದ್ರು?"

"ಹಾಗಾದ್ರೆ ಕೊಟ್ಟವರು ಯಾರು?"

ಗಂಡ ಕನ್ನಡಕ ತೆಗೆದು ಒರೆಸಿದ. ಒರೆಸುವಂಥ ಕೊಳೆ ಅದರಲ್ಲಿ ಇರಲಿಲ್ಲ. "ನೋಡು, ನಿನ್ನನ್ನ ಆಸ್ಪತ್ರೆಯಿಂದ ಹೊತ್ಕೊಂಡು ಬಂದೋನು ನಾನು. ಇನ್ನೊಂದ್ಸಲ ಹೊರೋದಕ್ಕೆ ನನ್ನ ಕೈಲಿ ಆಗಲ್ಲ. ಕೆಲಸ ಮಾಡಿದ್ದು ಸಾಕು. ಮನೇಲಿ ಕೂತ್ಕೋ, ಬೇಕಾದವರು ಇಲ್ಲಿಗೇ ಬರ್ತಾರೆ."

ಆ ಮಾತಿನಲ್ಲಿ ಪ್ರೀತಿಯಿತ್ತು, ಹೆದರಿಕೆಯೂ ಇತ್ತು. ಟೇಪಕ್ಕನಿಗೆ ಅದು ಗೊತ್ತಾಗದೆ ಇರಲಿಲ್ಲ. ಗೊತ್ತಾದದ್ದರಿಂದಲೇ ಇನ್ನಷ್ಟು ಉರಿಯಿತು. ಬೈದು ಕೂರಿಸಿದರೆ ಎದುರು ನಿಲ್ಲಬಹುದು, ಪ್ರೀತಿಯಿಂದ ಕೂರಿಸುವವರ ಹತ್ತಿರ ಜಗಳಕ್ಕೆ ತುದಿ ಬುಡ ಎಲ್ಲಿ? ಒಮ್ಮೆ ಕೂತರೆ ತಾನು ಕೂತೇ ಬಿಡುತ್ತೇನೆ, ಆಮೇಲೆ ಯಾರು ಎಬ್ಬಿಸಿದರೂ ಏಳಲಾರೆ ಎಂಬ ಭಯ ಅವಳಿಗೆ ಮೊದಲ ಬಾರಿ ಹತ್ತಿತು.

"ಭಾನುವಾರದೊಳಗೆ ನಾನು ಈ ಬೀದಿ ಕೊನೆವರೆಗೂ ಓಡಿಸಿದ್ರೆ?" ಎಂದಳು.

"ಓಡಿಸಿದ್ರೆ ಸೈಕಲ್ ಇಲ್ಲೇ ಇರುತ್ತೆ. ನಾನು ತುಟಿ ಬಿಚ್ಚಲ್ಲ." ಅದು ಆಗದ ಮಾತು ಎಂಬ ಧೈರ್ಯದಲ್ಲಿ ಅವನು ಒಪ್ಪಿಕೊಂಡ.

ಮಾರನೆಯ ದಿನ ಅವನು ಪಂಪ್‌ಹೌಸಿಗೆ ಹೋದ ಮೇಲೆ ಅವಳು ಸೈಕಲ್ಲನ್ನು ನಡುಮನೆಗೆ ಎಳೆದುತಂದು ಸ್ಟ್ಯಾಂಡು ಹಾಕಿ, ಗೋಡೆ ಹಿಡಿದು ಹತ್ತಿ ಕೂತಳು. ಬಲಗಾಲು ಸರಾಗವಾಗಿ ತಿರುಗಿತು. ಎಡಪೆಡಲು ಮೇಲೆ ಬರುತ್ತ ಬರುತ್ತ ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಮಂಡಿ ಸಿಕ್ಕಿಕೊಂಡಿತು. ಸೀಟು ಎತ್ತರಿಸಿ ನೋಡಿದಳು. ಆಗ ಎಡಗಾಲು ತಿರುಗಿತು, ಆದರೆ ಬಲಗಾಲಿಗೆ ಕೆಳಗಿನ ಪೆಡಲು ಎಟುಕದಾಯಿತು. ಸೀಟನ್ನು ಮತ್ತೆ ಇಳಿಸಿ, ಕೊರಳಿನ ಟೇಪು ತೆಗೆದು, ಮಂಡಿಗೆ ಎಷ್ಟು ಸಾಲದು ಎಂದು ಅಳೆದಳು. ಬರೀ ಎರಡು ಬೆರಳು! ಇಷ್ಟು ದಿನ ಮನೆಯವರೆಲ್ಲ ಮುಖ ಇಳಿಬಿಟ್ಟುಕೊಂಡು ಓಡಾಡಿದ್ದು ಎರಡು ಬೆರಳಿಗಾಗಿಯೇ? ಎರಡು ಬೆರಳು ಸಾಲದೆಂದು ಅವಳು ಯಾವತ್ತೂ ಯಾರ ಬಟ್ಟೆಯನ್ನೂ ಎಸೆದಿರಲಿಲ್ಲ.

ಪೆಡಲು ತೂಗುವ ಕಬ್ಬಿಣದ ತೋಳಿಗೆ ಕ್ರ್ಯಾಂಕು ಅನ್ನುತ್ತಾರೆ. ಆ ತೋಳು ಗಿಡ್ಡವಾದರೆ ಪೆಡಲು ಅಷ್ಟು ಮೇಲಕ್ಕೆ ಬರುವುದಿಲ್ಲ, ಮಂಡಿಯೂ ಅಷ್ಟು ಮಡಚಬೇಕಿಲ್ಲ. ಬಟ್ಟೆಯಾಗಿದ್ದರೆ ಕತ್ತರಿ ಹಾಕುತ್ತಿದ್ದಳು. ಕಬ್ಬಿಣವಾದ್ದರಿಂದ ಕೋಲೂರಿಕೊಂಡು ಮೂಲೆಯ ಸೈಕಲ್ ಅಂಗಡಿಗೆ ಹೋದಳು.

ಅಂಗಡಿಯವನು ಹಳೆಯ ಸಾಮಾನಿನ ಡಬ್ಬವನ್ನು ನೆಲಕ್ಕೆ ಸುರಿದ. ಅವಳು ಸ್ಟೂಲಿನ ಮೇಲೆ ಕೂತು, ತರಕಾರಿ ಆರಿಸುವವರ ಹಾಗೆ ಒಂದೊಂದನ್ನೇ ಎತ್ತಿ, ಅಳೆದು, ಬದಿಗಿಟ್ಟಳು. ಕಡೆಗೆ ಮಕ್ಕಳ ಸೈಕಲ್ಲಿನದು ಸಿಕ್ಕಿತು.

"ಎರಡೂ ಕಡೇದು ಬೇಕೇನಕ್ಕ?" ಎಂದ ಅವನು.

"ಮತ್ತೆ? ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಹೊಲಿಯೋಳು ಅಂದ್ಕೊಂಡ್ಯಾ ನನ್ನ?"

"ಆಯ್ತಪ್ಪ, ಎರಡೂ ತಗೊಳ್ಳಿ. ಸೈಕಲ್ ಇಲ್ಲಿಗೆ ತನ್ನಿ, ನಾನೇ ಹಾಕ್ಕೊಡ್ತೀನಿ."

"ಬೇಡ. ಅದು ಒಂದ್ಸಲ ಹೊಸ್ತಿಲು ದಾಟಿದ್ರೆ ನಮ್ಮೋರು ನೆಟ್ಟಗೆ ತಂಗಿ ಮನೆಗೆ ತಳ್ಕೊಂಡು ಹೋಗ್ತಾರೆ. ಸ್ಪಾನರ್ ಕೊಡು, ಸಾಕು."

"ಎಡಗಡೆ ಪೆಡಲು ಮಾತ್ರ ಉಲ್ಟಾ ತಿರುಗ್ಸಬೇಕು ಅಕ್ಕ, ನೆನಪಿಟ್ಕೊಳ್ಳಿ. ಅದು ಬೇರೆ ತಿರುಪಿನ ಥರ ಅಲ್ಲ."

"ನಮ್ಮನೇಲೂ ಒಂದು ಹಾಗೇ ಇದೆ. ಅಭ್ಯಾಸ ಇದೆ ಬಿಡು," ಎಂದಳು ಟೇಪಕ್ಕ.

ಕ್ರ್ಯಾಂಕನ್ನು ಹಿಡಿದಿಡುವ ಕಾಟರ್ ಪಿನ್ನು ತುಕ್ಕು ತಿಂದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು ಕಾದಳು. ಕೆಳಗೆ ಆಸರೆಗೆ ಹಳೆಯ ಇದ್ದಿಲು ಇಸ್ತ್ರಿಪೆಟ್ಟಿಗೆ ಕೊಟ್ಟು, ಮೇಲೆ ಮರದ ತುಂಡಿಟ್ಟು, ಮೋಟು ಸುತ್ತಿಗೆಯಿಂದ ಬಾರಿಸಿದಳು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಮಂಡಿ ಮಡಚದವಳು ನೆಲದ ಮೇಲೆ ಕಾಲು ಚಾಚಿ ಕೂತು ಕೆಲಸ ಮಾಡುವುದೆಂದರೆ ಸಾಮಾನ್ಯವಲ್ಲ. ಕೈಗೆ ಎಟುಕದ ನಟ್ಟಿಗಾಗಿ ಮೈಯನ್ನೇ ತೆವಳಿಸಬೇಕಾಗಿತ್ತು. ಕೊನೆಗೂ ಪಿನ್ನು ಕಳಚಿ ಮಂಚದ ಕೆಳಗೆ ಓಡಿಹೋಯಿತು. ಮಕ್ಕಳ ಸೈಕಲ್ಲಿನ ಎರಡೂ ತೋಳು, ಅದರ ಜೊತೆಗೆ ಬಂದ ಸಣ್ಣ ಹಲ್ಲುಚಕ್ರ ಎಲ್ಲವನ್ನೂ ಕೂರಿಸಿದಳು. ಚೈನು ಸಡಿಲವಾದಾಗ ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿಮಾಡಿ, ಮಿಷನ್ನಿನ ಎಣ್ಣೆ ಬಿಟ್ಟಳು. ಎಡವೂ ಬಲವೂ ಒಂದೇ ಅಳತೆಗೆ ಕೂತಿದ್ದವು. ಹೊಲಿದು ಮುಗಿಸಿದ ಅಂಗಿಯನ್ನು ನೋಡುವ ಹಾಗೆ ದೂರ ನಿಂತು ನೋಡಿ ಹಿಗ್ಗಿದಳು.

ಹಿತ್ತಿಲ ಓಣಿಯಲ್ಲಿ ಓಡಿಸಿದಾಗ ಗೊತ್ತಾಯಿತು. ಹಲ್ಲುಚಕ್ರ ಸಣ್ಣದಾದ್ದರಿಂದ ಕಾಲು ಗಿರಗಿರನೆ ತಿರುಗುತ್ತದೆ, ಸೈಕಲ್ಲು ಮಾತ್ರ ಮುಂದಕ್ಕೆ ಹೋಗುವುದಿಲ್ಲ. ವಾಕಿಂಗಿಗೆ ಹೊರಟಿದ್ದ ಅಜ್ಜ ಒಬ್ಬರು ಅವಳನ್ನು ಹಿಂದೆ ಹಾಕಿ, ತಿರುಗಿ ನೋಡಿ, ಪಾಪ ಎನ್ನುವ ಮುಖ ಮಾಡಿದರು. ಓಣಿ ಮುಗಿಯುವ ಮೊದಲೇ, ಅಷ್ಟು ಬೇಗ ಬೇಗ ತಿರುಗಿ ಎಡಮಂಡಿ ಉರಿಯತೊಡಗಿತು. ಇಳಿದು ತಳ್ಳಿಕೊಂಡು ವಾಪಸು ಬಂದಳು.

ಬಾಗಿಲಲ್ಲಿ ಗಂಡ ನಿಂತಿದ್ದ. "ಕುಣೀಲಾರದೋಳು ನೆಲ ಡೊಂಕು ಅಂದಳಂತೆ. ಸೈಕಲ್ದೇನು ತಪ್ಪು ಹೇಳು," ಎಂದ. ಮೆತ್ತಗೆ ಹೇಳಿದ್ದ, ಆದರೂ ಅದು ಚುಚ್ಚಿತು. ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಅಂದು ಊಟಕ್ಕೂ ಕರೆಯಲಿಲ್ಲ. ಅವನೇ ಬಡಿಸಿಕೊಂಡು ಉಂಡ.

ಶನಿವಾರ ಹೋಟೆಲಿನ ಬಾಗಿಲು ಕಾಯುವವನು ತನ್ನ ಕೋಟು ತಂದ. ಟೇಪಕ್ಕ ಬರದಿದ್ದರೂ ಬೇರೆ ಯಾರ ಕೈಗೂ ಕೊಡದೆ ಅವಳಿಗೋಸ್ಕರ ಇಟ್ಟುಕೊಂಡಿದ್ದನಂತೆ. ಹಿಂದೆ ಹಮಾಲಿಯಾಗಿದ್ದವನು, ಪೆಟ್ಟಿಗೆ ಹೊತ್ತು ಹೊತ್ತು ಬಲಭುಜ ಕುಸಿದಿತ್ತು. ಅವನ ಕೋಟನ್ನು ಅವಳು ವರ್ಷಗಳಿಂದ ಹೊಲಿಯುತ್ತಿದ್ದ ರೀತಿಯೇ ಬೇರೆ. ಬಲಭುಜಕ್ಕೆ ದಪ್ಪ ಪ್ಯಾಡು, ಎಡಕ್ಕೆ ಇಲ್ಲ. ಬಲತೋಳು ಒಂದಿಷ್ಟು ಗಿಡ್ಡ. ಮೇಜಿನ ಮೇಲೆ ಹರಡಿದರೆ ಸೊಟ್ಟ, ಅವನು ತೊಟ್ಟರೆ ನೆಟ್ಟಗೆ. ಅಂದೂ ಅಭ್ಯಾಸಬಲದಿಂದ ಒಂದು ತೋಳನ್ನು ಹಿಡಿದು ಇನ್ನೊಂದನ್ನು ಬಿಟ್ಟು ಗುಂಡುಪಿನ್ನು ಚುಚ್ಚುತ್ತಿದ್ದವಳು ಗಕ್ಕನೆ ನಿಂತಳು. ತನ್ನ ಮೇಲೇ ಸಿಟ್ಟು ಬಂತು. ಊರವರ ಮೈಗೆ ತಕ್ಕ ಹಾಗೆ ಬಟ್ಟೆ ಕತ್ತರಿಸುವವಳು, ತನ್ನ ಮೈ ವಿಷಯಕ್ಕೆ ಬಂದಾಗ ಅಂಗಡಿಯ ರೆಡಿಮೇಡ್ ಅಂಗಿಯ ಹಾಗೆ ಎರಡೂ ಕಡೆ ಸಮ ಮಾಡಲು ಹೋಗಿದ್ದಳಲ್ಲ! ತನ್ನ ಕಾಲು ಸಮ ಇಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ಅವಳಿಗೇ ಮನಸ್ಸಿರಲಿಲ್ಲ.

"ಏನಕ್ಕ, ಪಿನ್ನು ಚುಚ್ಚಿತಾ?" ಎಂದ ಬಾಗಿಲವನು.

"ಹೂಂ, ಸರಿಯಾದ ಜಾಗಕ್ಕೇ," ಎಂದಳು.

ಅವನು ಹೋದದ್ದೇ ಮತ್ತೆ ನೆಲದ ಮೇಲೆ ಕೂತಳು. ಬಲಗಡೆಗೆ ಹಳೆಯ ಹಲ್ಲುಚಕ್ರವನ್ನೂ ಹಳೆಯ ಉದ್ದ ತೋಳನ್ನೂ ವಾಪಸು ಹಾಕಿದಳು. ಎಡಗಡೆಗೆ ಮಾತ್ರ ಮಕ್ಕಳ ಸೈಕಲ್ಲಿನ ಗಿಡ್ಡ ತೋಳು. ಸೀಟನ್ನು ಬಲಗಾಲಿನ ಅಳತೆಗೆ ಬಿಗಿದಳು. ಹಿಡಿಯನ್ನು ತುಸು ತನ್ನ ಕಡೆ ತಿರುಗಿಸಿ, ಬ್ರೇಕು ಬಿಗಿಮಾಡಿ, ಎಡಪೆಡಲಿನ ಮೇಲೆ ಕಾಲು ಜಾರದಂತೆ ಒರಟು ಕ್ಯಾನ್ವಾಸು ಸುತ್ತಿ ಹೊಲಿದಳು. ನೋಡಲು ವಿಕಾರ. ಓಣಿಯಲ್ಲಿ ಹತ್ತಿದಾಗ ಬಲಗಾಲು ದುಡಿಯಿತು, ಎಡಗಾಲು ಜೊತೆಗೆ ಬಂತು. ಸಂಸಾರವೂ ಹೀಗೇ ತಾನೆ ನಡೆಯುವುದು ಎಂದುಕೊಂಡಳು. ಗಂಡನಿಗೆ ಏನೂ ಹೇಳಲಿಲ್ಲ.

ಭಾನುವಾರ ನಾದಿನಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಒಳ್ಳೆಯವಳು, ಹೊಸ ಕೆಲಸದ ಉತ್ಸಾಹದಲ್ಲಿದ್ದಳು. ಟೇಪಕ್ಕ ಕುರ್ಚಿಯಲ್ಲಿ ಕೂತು, "ಓಡಿಸಿ ನೋಡಮ್ಮ," ಎಂದಳು.

ಗಂಡನೇ ಸೈಕಲ್ಲನ್ನು ಬೀದಿಗೆ ಇಳಿಸಿದ. ಹುಡುಗಿ ಹತ್ತಿ ನಾಲ್ಕು ಸಲ ತುಳಿಯುವುದರೊಳಗೆ ಒಂದು ಕಾಲು ದೊಡ್ಡ ಸುತ್ತು, ಒಂದು ಕಾಲು ಸಣ್ಣ ಸುತ್ತು ಹಾಕಿ, ಸೈಕಲ್ಲು ಕುಡಿದವನ ಹಾಗೆ ವಾಲಾಡಿತು. ಗಾಬರಿಯಿಂದ ನೆಲಕ್ಕೆ ಕಾಲು ಕೊಟ್ಟಳು.

"ಮಾವ, ಇದು ನನಗಾಗಲ್ಲ. ಪೆಡಲು ಒಂದೊಂದು ಒಂದೊಂದು ಥರ ಇದೆ."

ನಾದಿನಿ ಬಗ್ಗಿ ನೋಡಿ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಏನು ಅತ್ತಿಗೆ ಇದು? ಹೋಗ್ಲಿ ಬಿಡಿ, ಮೊದಲಿದ್ದ ಹಾಗೆ ಮಾಡ್ಕೊಡಿ."

"ಮಾಡ್ಕೊಡ್ತೀನಿ," ಎಂದಳು ಟೇಪಕ್ಕ, "ಮೊದಲಿದ್ದ ಕಾಲು ನೀವು ತಂದ್ಕೊಡಿ."

ಅವಳು ಎದ್ದು, ಹುಡುಗಿಯ ಬೆನ್ನು ತಟ್ಟಿ, "ನಿನಗೆ ಬೇರೇದು ನಾನೇ ಆರಿಸ್ಕೊಡ್ತೀನಿ, ನಿನ್ನ ಅಳತೇಲಿ," ಎಂದಳು. ಕೋಲನ್ನು ಗೋಡೆಗೆ ಒರಗಿಸಿ, ಹೊಲಿಗೆಯ ಮಿಷನ್ನನ್ನು ಕ್ಯಾರಿಯರಿಗೆ ಬಿಗಿದು, ಮೆಟ್ಟಿಲ ಪಕ್ಕಕ್ಕೆ ಸೈಕಲ್ಲು ತಂದು ಹತ್ತಿದಳು. ಗಂಡ ಓಡಿಬಂದು ಹಿಂದಿನಿಂದ ಕ್ಯಾರಿಯರು ಹಿಡಿದ.

"ಬಿಡ್ರಿ."

"ಬಿದ್ರೆ?"

"ಬಿದ್ರೆ ನಾನು ತಾನೆ ಬೀಳೋದು? ಬಿಡ್ರಿ ಅಂದೆ."

ಅವನು ಹಿಡಿದ ಕೈ ಬಿಡದೆ ಜೊತೆಯಲ್ಲೇ ಓಡಿದ. ಎದುರುಮನೆ ದಾಟಿತು, ನಲ್ಲಿ ದಾಟಿತು. ಬಲಗಾಲು ದೊಡ್ಡ ಸುತ್ತು, ಎಡಗಾಲು ಸಣ್ಣ ಸುತ್ತು. ಸೈಕಲ್ಲು ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಅವನಿಗೆ ಉಸಿರು ಸಾಲದಾಯಿತು. ಕೈ ಬಿಟ್ಟ. ಅವಳಿಗೆ ಅದು ಗೊತ್ತಾಯಿತು, ತಿರುಗಿ ನೋಡಲಿಲ್ಲ. ಬೀದಿಯ ಕೊನೆ ಬಂತು, ಪಂಥ ಅಲ್ಲಿಗೆ ಮುಗಿಯಿತು. ಅವಳು ಬೆಲ್ಲು ಹೊಡೆದು ದೊಡ್ಡ ರಸ್ತೆಗೆ ತಿರುಗಿ ಮರೆಯಾದಳು.

ಹಿಂದಿನಿಂದ ನಾದಿನಿ ಬಂದು, "ಅಣ್ಣ, ಅತ್ತಿಗೆ ಎಲ್ಲಿಗೆ ಹೋದ್ರು?" ಎಂದು ಕೇಳಿದಳು.

ಅವನು ಮಂಡಿಗಳ ಮೇಲೆ ಕೈಯೂರಿ ಏದುಸಿರು ಬಿಡುತ್ತ ಖಾಲಿ ರಸ್ತೆಯನ್ನೇ ನೋಡುತ್ತಿದ್ದ.

"ಕೆಲಸಕ್ಕೆ," ಎಂದ.