ಬಿಳಿ ಪದರ

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಡಲ್ಲಾಸ್ ಹೊರವಲಯದಲ್ಲಿ ಅಲ್ಯೂಮಿನಿಯಂ ಎರಕದ ಕಾರ್ಖಾನೆಯೊಂದರಲ್ಲಿ ನಿವೃತ್ತನಾಗುವವರೆಗೆ ಕುಲುಮೆ ನೋಡಿಕೊಂಡೆ. ಅಲ್ಲಿ ಕನ್ನಡ ಮಾತಾಡುವವರು ಇಬ್ಬರೇ. ಮೈಸೂರಿನ ನಾನು, ಮತ್ತು ಹುಬ್ಬಳ್ಳಿ ಕಡೆಯ ಒಬ್ಬ ಗೆಳೆಯ. ಅವನ ಕೆಲಸ ಹೋದದ್ದು ನನ್ನಿಂದ.

ಎರಕ ಹೊಯ್ಯುವ ಉಕ್ಕಿನ ಅಚ್ಚನ್ನು ನಾವು ಡೈ ಎನ್ನುತ್ತಿದ್ದೆವು. ಪ್ರತಿ ಸಲವೂ ಕರಗಿದ ಲೋಹ ತಾಗಿ ಅದರ ಮೈ ಹಿಗ್ಗುತ್ತದೆ, ಮರುಕ್ಷಣ ನೀರಿನ ಸ್ಪ್ರೇ ಬಿದ್ದು ಕುಗ್ಗುತ್ತದೆ. ಹಿಗ್ಗಿ ಕುಗ್ಗಿ ಕೊನೆಗೊಂದು ದಿನ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆ ದಿನವನ್ನು ಮುಂದೂಡಲು ಡೈಯನ್ನು ಅಮೋನಿಯಾ ಹಾಯಿಸಿದ ಕುಲುಮೆಯಲ್ಲಿಟ್ಟು ಉಕ್ಕಿನ ಚರ್ಮವನ್ನು ಗಟ್ಟಿ ಮಾಡುತ್ತಾರೆ. ಅದು ನನ್ನ ಕೆಲಸ. ಹದ ಮೀರಿದರೆ ಮೇಲೆ ಬಿಳಿಯ ಪೆಡಸು ಪದರ ದಪ್ಪಗೆ ಕೂರುತ್ತದೆ. ಕಾಪಾಡಬೇಕಾದ ಚರ್ಮವೇ ಆಗ ಸೀಳುತ್ತದೆ, ಬಿರುಕು ಅಲ್ಲಿಂದ ಒಳಗಿಳಿಯುತ್ತದೆ.

ಡೈಯನ್ನು ಮೆಷೀನಿಗೆ ಕೂರಿಸುವುದು ಗೆಳೆಯನ ಕೆಲಸ. ಮೊದಲ ಎರಕಕ್ಕೆ ಮುಂಚೆ ಗ್ಯಾಸ್ ಬರ್ನರಿನಿಂದ ಅದನ್ನು ನಿಧಾನವಾಗಿ ಕಾಯಿಸಬೇಕು. ತಣ್ಣಗಿನ ಡೈಗೆ ಲೋಹ ಹೊಯ್ದರೂ ಬಿರುಕೇ.

"ಬೇಗ ಮುಗಿಸು ಮಾರಾಯ," ಎಂದರೆ ಅವನು ಬರ್ನರ್ ಬಿಡುತ್ತಿರಲಿಲ್ಲ.

"ಮೈಸೂರಾವ್ರಿಗೆ ದೋಸಿ ಹಂಚು ಕಾಯೋತನಾ ತಾಳ್ಮಿ ಇರ್ತದ, ಡೈ ಕಾಯೋತನಾ ಇರಂಗಿಲ್ಲ ನೋಡ್ರಿ ಅಣ್ಣಾರ!"

ಒಂದು ಶುಕ್ರವಾರ ಹೊಸ ಡೈಯನ್ನು ಕುಲುಮೆಗಿಟ್ಟೆ. ಮರುದಿನ ಬೆಳಿಗ್ಗೆ ಬಂದು ತೆಗೆಯಬೇಕಿತ್ತು. ಆದರೆ ಹೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದಲ್ಲಿ ಮಗಳ ಹೆಸರಿನಲ್ಲಿ ಅಭಿಷೇಕಕ್ಕೆ ಹೇಳಿದ್ದೆ. ಹೆಚ್ಚು ಹೊತ್ತಿದ್ದರೆ ಇನ್ನೂ ಗಟ್ಟಿಯಾದೀತು ಎಂದು ನನಗೆ ನಾನೇ ಹೇಳಿಕೊಂಡು ಹೂಸ್ಟನ್ ದಾರಿ ಹಿಡಿದೆ. ತೆಗೆದದ್ದು ಭಾನುವಾರ ಮಧ್ಯಾಹ್ನ. ಪ್ರಸಾದದ ಪುಳಿಯೋಗರೆ ಇನ್ನೂ ಕಾರಿನಲ್ಲಿತ್ತು. ಬಿಳಿ ಪದರವನ್ನು ಉಜ್ಜಿ ತೆಗೆಯದೆ, ಹೊಳಪು ಬರುವಷ್ಟು ಒರೆಸಿ ಕಳಿಸಿಬಿಟ್ಟೆ.

ಸೋಮವಾರ ಗೆಳೆಯ ಅದನ್ನು ಕೂರಿಸಿದ. ಅವನು ಕಾಯಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಮಂಗಳವಾರ ಡೈಯ ಮೂಲೆಯಲ್ಲಿ ಬಿರುಕು ಕಾಣಿಸಿತು. ಮ್ಯಾನೇಜರ್ ಅವನೆದುರಿಗೇ ನನ್ನನ್ನು ಕೇಳಿದ, "ಇವನು ಕಾಯಿಸಿದ್ದನ್ನು ನೀನು ನೋಡಿದೆಯಾ?"

"ನೋಡಲಿಲ್ಲ," ಎಂದೆ.

ಗೆಳೆಯ ನನ್ನ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ, ಏನನ್ನೋ ನೆನಪಿಸಿಕೊಳ್ಳಲು ಹೆಣಗುವವನ ಗಲಿಬಿಲಿ ಇತ್ತು. ಆ ವಾರವೇ ಅವನನ್ನು ತೆಗೆದರು. ಸಂಸಾರ ಸಮೇತ ಪೇರ್‌ಲ್ಯಾಂಡಿಗೆ ಶಿಫ್ಟ್ ಆಗಿ ಕಿರಾಣಿ ಅಂಗಡಿಯೊಂದಕ್ಕೆ ಸೇರಿದನೆಂದು ಕೇಳಿದೆ. ಆಮೇಲೆ ನಾನು ಆ ದೇವಸ್ಥಾನದ ಕಡೆ ತಲೆ ಹಾಕಲಿಲ್ಲ.

ಹೋದ ತಿಂಗಳು ಅವನಿಗೆ ಹುಷಾರಿಲ್ಲವೆಂದು ತಿಳಿಯಿತು. ನಾನೀಗ ಡಲ್ಲಾಸ್ ಬಳಿಯ ಕಾಪೆಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಪೇರ್‌ಲ್ಯಾಂಡಿಗೆ ಅವಳೇ ಡ್ರೈವ್ ಮಾಡಿದಳು. "ಫೋನಲ್ಲೇ ಮಾತಾಡಬಹುದಿತ್ತಲ್ಲಪ್ಪಾ," ಎಂದಳು.

ಗೆಳೆಯ ಕುರ್ಚಿಯಲ್ಲಿ ಒರಗಿದ್ದ, ತೀರಾ ಸಣ್ಣಗಾಗಿದ್ದ. ಕಾಫಿ ಬರುವ ಮೊದಲೇ ಎಲ್ಲವನ್ನೂ ಹೇಳಿದೆ. ಕುಲುಮೆ, ಅಭಿಷೇಕ, ಬಿಳಿ ಪದರ, ನನ್ನ ಸುಳ್ಳು. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ.

"ಹಂಗಾರ ನಾ ಡೈ ಕಾಯಿಸಿದ್ನೇನ್ರಿ?"

"ಕಾಯಿಸಿದ್ದೆ. ನಾನು ನೋಡಿದ್ದೆ."

"ನೀವು ನೋಡಿಲ್ಲ ಅಂದ್ರಲ್ಲ, ನಾನೇ ಮರ್ತಿರಬೇಕು ಅನ್ಕೊಂಡೆ. ಅಣ್ಣಾರು ಯಾಕ ಸುಳ್ಳ ಹೇಳ್ತಾರ ಅಂತ. ಆಮ್ಯಾಲೆ ಇನ್ನೊಂದು ಕಾರ್ಖಾನಿಯವ್ರು ಕರದ್ರು. ಹೋಗ್ಲಿಲ್ಲ. ನನ್ನ ಕೈ ಮ್ಯಾಲ ನನಗ ನಂಬಿಗಿ ಇರ್ಲಿಲ್ರಿ."

ಅವನ ಕೆಲಸವೊಂದನ್ನೇ ಕಿತ್ತುಕೊಂಡೆನೆಂದು ಇಷ್ಟು ವರ್ಷ ತಿಳಿದಿದ್ದೆ.

ಅವನು ಅಡುಗೆಮನೆಯ ಕಡೆ ತಿರುಗಿ ದನಿ ಎತ್ತಿದ. "ಕೇಳಿದೇನ? ನಾ ಕಾಯಿಸಿದ್ನಂತ!"

ಒಳಗಿನಿಂದ ಅವನ ಹೆಂಡತಿ ಹೇಳಿದಳು, "ನಾ ಅವತ್ತಽ ಹೇಳಿದ್ದೆ. ನನ್ನ ಮಾತು ಎಲ್ಲಿ ಕೇಳಿದ್ರಿ ನೀವು?"

ಕಾಫಿ ಬರಲಿಲ್ಲ. ಅವನು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡುತ್ತಿದ್ದ. ನಾನು ಎದ್ದು ಕೈಮುಗಿದೆ. ಅವನು ತಲೆ ಎತ್ತಲಿಲ್ಲ.